ಕಾಗೆ ಹುಡುಕಿಕೊಂಡು ಇಂಗ್ಲೆಂಡು ಸುತ್ತಿದ್ದು

ಇಂಗ್ಲೆಂಡಿಗೆ ಹೋದವರು ಅರಮನೆ ನೋಡುತ್ತಾರೆ, ಕೋಟೆ ನೋಡುತ್ತಾರೆ. ನಾವು ಕಾಗೆ ಹುಡುಕಿಕೊಂಡು ಸುತ್ತಿದೆವು.

ಎಂಬತ್ತರ ದಶಕದ ಮಧ್ಯಭಾಗ. ಆಗ ನಾವಿದ್ದದ್ದು ಅಮೆರಿಕದ ಸನ್ನಿವೇಲಿನಲ್ಲಿ. ನನ್ನ ಗಂಡನನ್ನು ಅಲ್ಲಿನ ಆಫೀಸು ಒಂದು ತಿಂಗಳ ಕೆಲಸಕ್ಕೆ ಇಂಗ್ಲೆಂಡಿಗೆ ಕಳಿಸಿತ್ತು. ನಾನು, ಆಗಷ್ಟೇ ನಡೆಯಲು ಕಲಿತಿದ್ದ ಮಗಳು, ನನ್ನ ಅತ್ತೆ, ಮೂವರೂ ಬಾಲಂಗೋಚಿಗಳು. ಉಳಿದುಕೊಂಡದ್ದು ನದಿ ದಂಡೆಯ ಪುಟ್ಟ ಊರಿನಲ್ಲಿ. ಕಲ್ಲಿನ ಸೇತುವೆ, ಕಿಟಕಿಗೊಂದು ಹೂಕುಂಡ, ಸಂಜೆಯಾಗುವ ಮೊದಲೇ ಬಾಗಿಲೆಳೆಯುವ ಅಂಗಡಿಗಳು. ಮಂಡ್ಯ ಕಡೆಯ ಅತ್ತೆ ನದಿಯನ್ನೊಮ್ಮೆ ನೋಡಿ, "ಇದ್ನ ಹೊಳೆ ಅಂದ್ರೆ ನಮ್ಮೂರ ನಾಲೆಗೆ ಬೇಜಾರಾಯ್ತದೆ ಕಣವ್ವ" ಎಂದರು.

ಮಾವನವರ ವರ್ಷದ ಎಡೆ ಬಂದದ್ದು ನಾವು ಅಲ್ಲಿದ್ದಾಗಲೇ. ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಬಡಿಸಿಡಬೇಕು, ಕಾಗೆ ಬಂದು ಮುಟ್ಟಬೇಕು, ಆಮೇಲೆ ಮನೆಯವರ ಊಟ. ಮುಟ್ಟದಿದ್ದರೆ ಹೋದವರಿಗೆ ಸಿಟ್ಟಿದೆ ಎಂದರ್ಥ. ಸಿಟ್ಟಿದೆ ಎಂದೇ ಅತ್ತೆ ನಂಬಿದ್ದರು. ನನ್ನ ಬಾಣಂತನಕ್ಕೆಂದು ಅವರು ಸನ್ನಿವೇಲಿನಲ್ಲಿದ್ದಾಗ ಮಾವ ಊರಿನಲ್ಲಿ ತೀರಿಕೊಂಡರು. ಅತ್ತೆ ತಲುಪುವಷ್ಟರಲ್ಲಿ ಮಣ್ಣಾಗಿಹೋಗಿತ್ತು. ಹನ್ನೊಂದರ ದಿನ ಇಟ್ಟ ಎಡೆಯನ್ನೂ ಕಾಗೆ ಮುಟ್ಟಲಿಲ್ಲ. ನಾಯಿ ಎಳೆದುಕೊಂಡು ಹೋಯಿತು. ಮಗನ ಜೊತೆ ವಾಪಸು ಬಂದ ಮೇಲೂ ಅತ್ತೆಗೆ ಅದೇ ಕೊರಗು.

ಸನ್ನಿವೇಲಿನಲ್ಲಾಗಿದ್ದರೆ ಚಿಂತೆಯೇ ಇರಲಿಲ್ಲ. ಅಪಾರ್ಟ್‌ಮೆಂಟಿನ ಕಸದ ಡಬ್ಬದ ಮೇಲೆ ಹಗಲಿಡೀ ಕಾಗೆಗಳದ್ದೇ ದರ್ಬಾರು. ಇಲ್ಲಿ ಹಿತ್ತಿಲಿಗೆ ಬಂದದ್ದು ಎರಡು ಗುಬ್ಬಚ್ಚಿ. ಸೂಟ್‌ಕೇಸಿನಲ್ಲಿ ಅಡಗಿಸಿ ತಂದ ರಾಗಿಹಿಟ್ಟಿನ ಮುದ್ದೆ, ಕೋಳಿಸಾರು, ಬೀಡಿ ಸಿಗದ ಕಾರಣ ಒಂದು ಸಿಗರೇಟು. ಮಾವನಿಗೆ ಪ್ರಮೋಷನ್ನು ಸಿಕ್ಕಂತಾಯಿತು. ಎಲ್ಲವನ್ನೂ ಕಾರಿಗೆ ಹಾಕಿಕೊಂಡು ಹೊರಟೆವು.

ಮೊದಲ ಹಳ್ಳಿಯಲ್ಲಿ ಪ್ರವಾಸಿಗರು ಫೋಟೋ ತೆಗೆಯುವ ಹುಲ್ಲುಮಾಡಿನ ಮನೆಗಳಿದ್ದವು. "ಇಷ್ಟು ದುಡ್ಡಿರೋರು ಹೆಂಚು ಹಾಕ್ಸಬಾರ್ದಾ?" ಎಂದರು ಅತ್ತೆ. ಎರಡನೆಯದರಲ್ಲಿ ಚರ್ಚಿನ ಸಮಾಧಿಗಳ ಮೇಲೆ ಹಿಂಡು ಹಿಂಡು ಕಾಗೆ! ನನ್ನ ಗಂಡ ಗಕ್ಕನೆ ಬ್ರೇಕು ಹಾಕಿದ. ಅತ್ತೆ ಕಾರಿನಿಂದ ಇಳಿಯಲೇ ಇಲ್ಲ.

"ಬ್ಯಾಡ ಕಣ್ಲಾ. ಅವು ಅವರವರ ಮನೆ ಕಾಗೆ. ನಿಮ್ಮಪ್ಪನ ಎಡೆ ಯಾರೋ ದೊರೆ ಉಣ್ಣದಾ?"

ಮುಂದಿನ ಹಳ್ಳಿಯ ಹೊಲದಲ್ಲಿ ಬೆದರುಬೊಂಬೆ ನಿಂತಿತ್ತು. ಕಾಗೆ ಓಡಿಸುವ ಊರಿನಲ್ಲಿ ನಮಗೇನು ಕೆಲಸ? ಮಧ್ಯಾಹ್ನ ಇಳಿಯುವ ಹೊತ್ತಿಗೆ ನಮ್ಮ ನದಿ ದಂಡೆಗೇ ವಾಪಸು ಬಂದೆವು. ಬೆಳಗ್ಗೆಯಿಂದ ಅತ್ತೆ ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ.

ಪೇಪರ್ ತಟ್ಟೆಯಲ್ಲಿ ಎಡೆ ಇಟ್ಟದ್ದೇ ತಡ, ನೀರಿನಿಂದ ಹಂಸವೊಂದು ಗತ್ತಿನಿಂದ ಎದ್ದು ಬಂತು.

"ಹಂಸ ಕಾಗೆಗಿಂತ ಮೇಲಲ್ವಾ ಅವ್ವ? ಸರಸ್ವತಿ ವಾಹನ," ಎಂದ ನನ್ನ ಗಂಡ.

"ಒಂದಕ್ಷರಾನೂ ಬಾರದ ನಿಮ್ಮಪ್ಪಂಗೆ ಸರಸ್ವತಿ ಯಾಕ್ಲಾ? ಓಡ್ಸು ಅದ್ನ."

ಓಡಿಸಿದ. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಮುದುಕಿಯೊಬ್ಬಳು ಪಿಕ್ನಿಕ್ಕಿಗೆ ಒಳ್ಳೆ ದಿನ ಎಂದಳು. ನನ್ನ ಗಂಡ ಗಾಬರಿಯಲ್ಲಿ, ನಮ್ಮಪ್ಪನಿಗೆ ಕಾಯುತ್ತಿದ್ದೇವೆ ಎಂದುಬಿಟ್ಟ. ಪಾಪ, ಟ್ರಾಫಿಕ್ಕಿನಲ್ಲಿ ಸಿಕ್ಕಿರಬೇಕು ಎಂದು ಆಕೆ ಮರುಗಿ ಹೋದಳು.

ಕೊನೆಗೂ ಎದುರಿನ ಮರಕ್ಕೆ ಒಂದು ಕಾಗೆ ಬಂದು ಕೂತಿತು. ಕೂತದ್ದು ಕೂತೇ ಇತ್ತು. ಹೀಗಾದಾಗ ಹೋದವರ ಆಸೆ ಏನೆಂದು ಊಹಿಸಿ ಮಾತು ಕೊಡುವುದು ಪದ್ಧತಿ. "ಅಪ್ಪ, ಊರಲ್ಲಿ ಬೋರು ತೆಗೆಸ್ತೀನಿ. ಸಿಗರೇಟು ಬಿಡ್ತೀನಿ. ಮಗೂಗೆ ಕನ್ನಡ ಕಲಿಸ್ತೀನಿ," ಎಂದು ನನ್ನ ಗಂಡ ಕೈಮುಗಿದ. ಕಾಗೆ ರೆಕ್ಕೆ ಕೆರೆದುಕೊಂಡಿತು. ಅವನ ಮಾತಿನ ಬೆಲೆ ಅದಕ್ಕೂ ಗೊತ್ತಿತ್ತು.

ಆಮೇಲೆ ಅತ್ತೆ ಮುಂದೆ ಬಂದರು. "ತಪ್ಪಾಯ್ತು, ಬನ್ನಿ. ಆವತ್ತು ನಾನಿರ್ಲಿಲ್ಲ. ತಪ್ಪಾಯ್ತು," ಎಂದು ಮತ್ತೆ ಮತ್ತೆ ಬೇಡಿಕೊಂಡರು. ಕಾಗೆ ಕದಲಲಿಲ್ಲ. ನನಗೆ ಆ ಹಕ್ಕಿಯ ಮೇಲೂ ಮಾವನ ಮೇಲೂ ಒಟ್ಟಿಗೇ ಸಿಟ್ಟು ಬಂತು.

ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ನೆಟ್ಟಗೆ ನಿಂತರು.

"ಓಗು, ಸೊಸೆ ಬಾಣಂತನ ಮಾಡು ಅಂದೋರು ನೀವೇ ಅಲ್ವಾ? ಮದ್ವೆಯಾದಾಗಿಂದ ನೀವು ಉಣ್ಣೋಗಂಟ ಕಾದೆ. ಮುದ್ದೆ ಆರೋಯ್ತದೆ ಅಂದ್ರೂ ಇಸ್ಪೀಟು ಬುಟ್ಟು ಏಳ್ನಿಲ್ಲ. ಸತ್ತ ಮೇಲೂ ಕಾಯಿಸ್ತೀರಾ? ನಂಗೆ ಹಸಿವಾಯ್ತದೆ."

ಅಷ್ಟಂದು ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಎಡೆಯ ತಟ್ಟೆಯನ್ನು ಎಳೆದುಕೊಂಡು ಮುದ್ದೆ ಮುರಿದರು. ನನ್ನ ಗಂಡನ ಬಾಯಿ ತೆರೆದೇ ಇತ್ತು. ನಾನು ಅವರ ಪಕ್ಕ ಕೂತು ಇನ್ನಷ್ಟು ಸಾರು ಬಿಟ್ಟೆ. ನನಗೆ ಅಳುವೂ ಬಂತು, ನಗುವೂ ಬಂತು. ಅತ್ತೆ ಒಂದೊಂದೇ ತುತ್ತು ಸಾರಿನಲ್ಲಿ ಅದ್ದಿ ನಿಧಾನವಾಗಿ ನುಂಗಿದರು.

"ಅವ್ವಾ! ಕಾಗೆ! ಇಳೀತಾ ಇದೆ ನೋಡು!" ಎಂದು ನನ್ನ ಗಂಡ ಕಿರುಚಿದ.

ಅತ್ತೆ ತಿರುಗಿಯೂ ನೋಡಲಿಲ್ಲ. ಕೋಳಿಯ ಮೂಳೆ ಚೀಪುತ್ತಲೇ ಹೇಳಿದರು:

"ಬರ್ಲಿ ಬುಡು. ಉಳಿದಿದ್ರೆ ಉಣ್ಲಿ."