ಸಾಲ ಪಡೆದವರೇ ವಾಸವಿರಬೇಕು

ಉರಯಾಸು ಸ್ಟೇಷನ್ನಿನ ಎದುರು, ಕೊಂಬಿನಿ ಎಂಬ ಹಗಲೂ ರಾತ್ರಿ ತೆರೆದಿರುವ ಜಪಾನೀ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದರೆ ಮನೆ ಮಾರಾಟದ ಒಂದು ಪುಟ್ಟ ಆಫೀಸಿದೆ. ಅಲ್ಲಿ ಕಾತ್ಯಾಯಿನಿಗೆ ಹನ್ನೊಂದು ವರ್ಷದಿಂದ ಒಂದೇ ಕೆಲಸ, ಜನರ ಪ್ರಶ್ನೆಗಳಿಗೆ ಉತ್ತರ ಹೇಳುವುದು. ಬೆಂಗಳೂರು, ಮೈಸೂರಿನಿಂದ ಕಂಪನಿಯ ಕೆಲಸಕ್ಕೆ ಬಂದು, ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿ, ಇನ್ನು ಸ್ವಂತದ್ದೊಂದು ಬೇಕು ಎಂದು ಹೊರಟವರೆಲ್ಲ ಅವಳ ಕೌಂಟರಿಗೆ ಬರುತ್ತಾರೆ. ಅವರಿಗೆ ಬೇಕಾದದ್ದು ಸರ್ಕಾರಿ ಸಂಸ್ಥೆಯೊಂದರ ಭದ್ರತೆಯ ಮೇಲೆ ಬ್ಯಾಂಕು ಕೊಡುವ ದೀರ್ಘಾವಧಿಯ ಗೃಹಸಾಲ. ಅದರ ಬಡ್ಡಿ ಕೊನೆಯವರೆಗೂ ಏರುವುದಿಲ್ಲ, ಇಳಿಯುವುದಿಲ್ಲ. ಸರ್ಕಾರ ಬೆನ್ನಿಗಿದೆ ಎಂದು ಬಂದವರು ಖುಷಿಪಡುತ್ತಾರೆ. ನಿಯಮಗಳೂ ಬೆನ್ನಿಗೇ ಇರುತ್ತವೆ ಎಂದು ತಿಳಿಸುವ ಕೆಲಸ ಕಾತ್ಯಾಯಿನಿಯದು.

"ಮೇಡಂ, ಪರ್ಮನೆಂಟ್ ರೆಸಿಡೆನ್ಸಿ ಇಲ್ದೆ ಆಗಲ್ವಾ?"

"ಆಗಲ್ಲ."

"ಬಿ.ಪಿ. ಮಾತ್ರೆ ತಗೋತೀನಿ. ಲೋನಿನ ಇನ್ಶೂರೆನ್ಸ್ ಫಾರಂನಲ್ಲಿ ಬರೀಲೇಬೇಕಾ?"

"ಬರೀಬೇಕು."

"ಬರೀದಿದ್ರೆ ಯಾರಿಗೆ ಗೊತ್ತಾಗುತ್ತೆ ಮೇಡಂ?"

"ನೀವು ಹೋದ್ಮೇಲೆ ಗೊತ್ತಾಗುತ್ತೆ. ಆಗ ಇನ್ಶೂರೆನ್ಸಿನವರು ಸಾಲ ತೀರಿಸಲ್ಲ, ನಿಮ್ಮ ಮಿಸೆಸ್ ಬಂದು ಇದೇ ಕುರ್ಚೀಲಿ ಕೂತು ನನ್ನನ್ನ ಕೇಳ್ತಾರೆ. ನಾನೇನು ಹೇಳ್ಲಿ?"

ಹೀಗೆ ಮುಖಕ್ಕೆ ಹೊಡೆದ ಹಾಗೆ ಮಾತಾಡುವವಳ ಹತ್ತಿರ ಜನ ಯಾಕೆ ಬರುತ್ತಾರೆ ಎಂದು ಕೇಳಿದರೆ, ಅದಕ್ಕೇ ಬರುತ್ತಾರೆ. ಅವಳು ಆಗುತ್ತದೆ ಎಂದರೆ ಆಗುತ್ತದೆ. ಯೋಕೋಹಾಮಾದ ಸುಮಂತ್ ಎಂಬಾತ ಒಮ್ಮೆ ಬಹಳ ನಯವಾಗಿ ಕೇಳಿದ್ದ: ಇಲ್ಲಿ ಮನೆ ಕೊಂಡು ಬಾಡಿಗೆಗೆ ಬಿಡುತ್ತೇನೆ, ಬ್ಯಾಂಕಿನವರು ವಿಚಾರಿಸಿದರೆ ವಾಸವಿದ್ದೇನೆ ಎಂದು ನೀವೊಂದು ಮಾತು ಹೇಳಿದರೆ ಸಾಕು. ಕಾತ್ಯಾಯಿನಿ ಅವನ ಫೈಲು ಮುಚ್ಚಿ ಕೈಗೆ ಕೊಟ್ಟಳು. "ಈ ಲೋನು ಮನೆ ತಗೊಳ್ಳೋಕಲ್ಲ ಸುಮಂತ್, ಮನೇಲಿ ಇರೋಕೆ. ಸಾಲ ಪಡೆದವರೇ ವಾಸ ಇರಬೇಕು." ಆತ ನೀರಿಗೆ ಬಿದ್ದ ಇಲಿಯ ಹಾಗೆ ಮುಖ ಮಾಡಿಕೊಂಡು ಹೋದ. ಅವಳಿಗೆ ಪಾಪ ಅನ್ನಿಸಲಿಲ್ಲ.

ಅವಳು ಹೊಸಬರಿಗೆ ಇನ್ನೊಂದು ಪಾಠವನ್ನೂ ಹೇಳುತ್ತಿದ್ದಳು. ಬೆಂಗಳೂರಿನ ಆಫೀಸಿನಲ್ಲಿ ಗುಮಾಸ್ತ "ಸ್ವಲ್ಪ ಕಷ್ಟ ಸಾರ್" ಎಂದರೆ ಮಾತುಕತೆ ಶುರುವಾಯಿತು ಎಂದರ್ಥ. ಕುರ್ಚಿ ಎಳೆದುಕೊಂಡು ಕೂರಬಹುದು. ಇಲ್ಲಿ ಬ್ಯಾಂಕಿನವರು ತಲೆ ಓರೆ ಮಾಡಿ, ಹಲ್ಲಿನ ನಡುವೆ ಉಸಿರೆಳೆದು "ಚೊತ್ತೊ ಮುಜುಕಾಶಿ" ಎನ್ನುತ್ತಾರೆ. ಅದಕ್ಕೂ ಸ್ವಲ್ಪ ಕಷ್ಟ ಎಂದೇ ಅರ್ಥ. ಆದರೆ ಅದನ್ನು ಕೇಳಿದ ಮೇಲೆ ಕುರ್ಚಿಯಿಂದ ಏಳಬೇಕು.

ಇಷ್ಟೆಲ್ಲ ಬಲ್ಲ ಹೆಂಗಸು ಹತ್ತೊಂಬತ್ತು ವರ್ಷ ಬಾಡಿಗೆ ಮನೆಯಲ್ಲೇ ಇದ್ದಳು. ಆರು ಮನೆ ಬದಲಾಯಿತು. ಪರದೇಶದವರು ಎಂದು ಬೇಡ ಎಂದವರು ಎಷ್ಟೋ. ಒಗ್ಗರಣೆ ವಾಸನೆ ಎಂದು ಚೀಟಿ ಬರೆದು ಬಾಗಿಲಿಗೆ ಅಂಟಿಸಿದವರು ಒಬ್ಬರು. ಗೋಡೆಗೆ ಮೊಳೆ ಹೊಡೆಯುವ ಹಾಗಿರಲಿಲ್ಲ. ದೇವರ ಫೋಟೋಗಳೆಲ್ಲ ಆರೂ ಮನೆಗಳಲ್ಲಿ ಗೋಡೆಗೆ ಒರಗಿಕೊಂಡೇ ಇದ್ದವು. ಕಾತ್ಯಾಯಿನಿಗೆ ಒಂದು ಮನೆ ಬೇಕಿತ್ತು, ಬಹಳ ಬೇಕಿತ್ತು. ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೇ.

ಕೊನೆಗೆ ಈ ವರ್ಷ, ರೈಲಿನಲ್ಲಿ ಸುಮಾರು ಒಂದು ಗಂಟೆ ದೂರದ ಕಾಶಿವಾದಲ್ಲಿ ಹಳೆಯದೊಂದು ಎರಡಂತಸ್ತಿನ ಮನೆ ಸಿಕ್ಕಿತು. ಉರಯಾಸುವಿನ ಬೆಲೆ ಕೈಗೆ ಎಟುಕುವಂಥದ್ದಲ್ಲ. ಸಾಲ ಅವಳ ಹೆಸರಿಗೇ ಆಯಿತು. ಗಂಡ ಗುರುರಾಜನನ್ನು ಕಂಪನಿ ನಡುವೆ ನಾಲ್ಕು ವರ್ಷ ಬೆಂಗಳೂರಿಗೆ ಕರೆಸಿಕೊಂಡಿತ್ತು. ಮರಳಿ ಬಂದಾಗ ಅವನ ವಾಸದ ವರ್ಷಗಳ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗಿ, ಕಾಯಂ ವಾಸದ ಪರವಾನಗಿ ಇನ್ನೂ ಬಂದಿರಲಿಲ್ಲ. ಮಗಳು ನಿಧಿಯ ಶಾಲೆ ಎಂದು ಇಲ್ಲೇ ಉಳಿದಿದ್ದ ಕಾತ್ಯಾಯಿನಿಗೆ ಅದು ಬಂದಿತ್ತು. "ನೀನೇ ಓನರ್ರು, ನಾನು ಪೇಯಿಂಗ್ ಗೆಸ್ಟು" ಎಂದು ಗುರುರಾಜ ತಮಾಷೆ ಮಾಡುತ್ತಿದ್ದ.

ಗೃಹಪ್ರವೇಶಕ್ಕೆಂದು ಮೈಸೂರಿನಿಂದ ಅತ್ತೆ ಇಂದಿರಮ್ಮ ಮೂರು ತಿಂಗಳ ವೀಸಾದಲ್ಲಿ ಬಂದಿಳಿದರು. ಜೊತೆಗೆ ಪಂಚಾಂಗ, ಹಾಲು ಉಕ್ಕಿಸಲು ಹೊಸ ಹಿತ್ತಾಳೆ ಪಾತ್ರೆ. ಜೂನ್ ಮೂರನೇ ವಾರ ಮುಹೂರ್ತ ಇಟ್ಟಿದ್ದರು. ಆದರೆ ಮನೆ ಮಾರುವ ಮುದುಕರಿಗೆ ತಮ್ಮ ಸಾಮಾನು ಖಾಲಿ ಮಾಡಲು ಇನ್ನೊಂದು ವಾರ ಬೇಕಾಯಿತು. ಸುಮಿಮಾಸೆನ್, ಕ್ಷಮಿಸಿ ಎಂದು ಅವರು ಹತ್ತು ಸಲ ಬಾಗಿದರು. ಬಾಗಿದವರ ಮೇಲೆ ರೇಗುವುದು ಹೇಗೆ? ಬೀಗದ ಕೈ ಸಿಕ್ಕಿದ್ದು ಜೂನ್ ಇಪ್ಪತ್ತೇಳಕ್ಕೆ. ಆಷಾಢ ಹುಟ್ಟಿ ಎರಡು ದಿನವಾಗಿತ್ತು.

"ಇನ್ನು ಶ್ರಾವಣಕ್ಕೇ" ಎಂದರು ಇಂದಿರಮ್ಮ. "ಆಷಾಢದಲ್ಲಿ ಹೊಸ ಮನೆಗೆ ಕಾಲಿಡೋ ಹಾಗಿಲ್ಲ. ಒಲೆ ಹಚ್ಚೋದು, ಮಲಗೋದು ಯಾವುದೂ ಇಲ್ಲ."

ಕಾತ್ಯಾಯಿನಿ ಯೋಚಿಸಿದಳು. ಸಾಲ ಕೈಗೆ ಬಂದ ಮೇಲೆ ತಡ ಮಾಡದೆ ವಾಸಕ್ಕೆ ಹೋಗಬೇಕು ಎಂಬುದನ್ನು ಅವಳೇ ನೂರು ಜನಕ್ಕೆ ಹೇಳಿದ್ದಾಳೆ. ಒಂದು ತಿಂಗಳು ತಾನೆ, ಹೇಗೋ ಆಗುತ್ತದೆ ಎಂದುಕೊಂಡಳು. ಬೇರೆಯವರು ಹೀಗೆ ಅಂದುಕೊಂಡಿದ್ದರೆ ಬೈದು ಕಳಿಸುತ್ತಿದ್ದಳು. ನಗರಸಭೆಗೆ ಹೋಗಿ ವಿಳಾಸ ಮಾತ್ರ ಕಾಶಿವಾಕ್ಕೆ ಬದಲಿಸಿ ಬಂದಳು. ಕಾಗದದ ಮೇಲೆ ಸಂಸಾರ ಹೊರಟಿತು, ಮನುಷ್ಯರು ಉರಯಾಸುವಿನಲ್ಲೇ ಉಳಿದರು.

ಅಷ್ಟೇ ಆಗಿದ್ದರೆ ನಡೆದುಹೋಗುತ್ತಿತ್ತೋ ಏನೋ. ಆದರೆ ಗುರುರಾಜ ಒಂದು ಉಪಕಾರ ಮಾಡಿದ. ಖಾಲಿ ಮನೆಗೆ ಮುಖ್ಯವಾದ ಪತ್ರ ಬಂದು ಬಿದ್ದಿದ್ದರೆ ಏನು ಗತಿ ಎಂದು, ಯಾರಿಗೂ ಹೇಳದೆ, ಕಾಶಿವಾದ ಟಪಾಲನ್ನೆಲ್ಲ ಉರಯಾಸುವಿಗೆ ತಿರುಗಿಸುವಂತೆ ಅಂಚೆಯವರಿಗೆ ಅರ್ಜಿ ಹಾಕಿದ. ಮನೆ ಬದಲಿಸುವವರು ಹಳೆಯ ಮನೆಯಿಂದ ಹೊಸದಕ್ಕೆ ತಿರುಗಿಸುತ್ತಾರೆ. ಇವನು ಹೊಸದರಿಂದ ಹಳೆಯದಕ್ಕೆ ತಿರುಗಿಸಿದ. ಬ್ಯಾಂಕಿನ ಒಂದು ಪತ್ರವಿರುತ್ತದೆ, ಅದರ ಮೇಲೆ ಕೆಂಪು ಮುದ್ರೆ: ಬೇರೆ ವಿಳಾಸಕ್ಕೆ ಕಳಿಸಕೂಡದು. ಸಾಲ ಪಡೆದವರು ಆ ಮನೆಯಲ್ಲೇ ಇದ್ದಾರೋ ಇಲ್ಲವೋ ಎಂದು ನೋಡುವುದಕ್ಕೇ ಅದನ್ನು ಕಳಿಸುವುದು. ಅಂಚೆಯವನು ತಿರುಗಿಸುವ ಅರ್ಜಿಯನ್ನೂ ನೋಡಿದ, ತಿರುಗಿಸಕೂಡದೆಂಬ ಮುದ್ರೆಯನ್ನೂ ನೋಡಿದ, ಪತ್ರವನ್ನು ನೇರ ಬ್ಯಾಂಕಿಗೇ ವಾಪಸು ಕಳಿಸಿದ.

ಜುಲೈ ಎರಡನೇ ವಾರ ಬ್ಯಾಂಕಿನಿಂದ ನೊಗುಚಿ-ಸಾನ್ ಫೋನ್ ಮಾಡಿದ. ಹನ್ನೊಂದು ವರ್ಷದಿಂದ ಬೇರೆಯವರ ಸಾಲದ ವಿಷಯಕ್ಕೆ ದಿನಾ ಮಾತಾಡುತ್ತಿದ್ದ ಮನುಷ್ಯ. ಅಂದು ಅವನ ಮಾತಿನಲ್ಲಿ ಮರ್ಯಾದೆ ಎರಡು ಪಟ್ಟು ಹೆಚ್ಚಿತ್ತು. ಅದನ್ನು ಕೇಳಿದೊಡನೆ ಕಾತ್ಯಾಯಿನಿಗೆ ವಿಷಯ ತನ್ನದೇ ಎಂದು ತಿಳಿಯಿತು.

"ಕಾತ್ಯಾಯಿನಿ-ಸಾನ್, ತಮ್ಮ ಪತ್ರ ಮರಳಿ ಬಂದಿದೆ. ತಾವು ಆ ಮನೆಯಲ್ಲಿ ವಾಸವಿದ್ದೀರಾ?"

ಅವಳು ಎಷ್ಟೋ ಜನರನ್ನು ಕೇಳಿದ್ದ ಪ್ರಶ್ನೆ. ಸುಳ್ಳು ಬಾಯಿಗೆ ಬರಲಿಲ್ಲ. "ಇಲ್ಲ" ಎಂದು, ಈ ತಿಂಗಳು ನಮ್ಮಲ್ಲಿ ಹೊಸ ಮನೆ ಸೇರುವುದಿಲ್ಲ, ತಿಂಗಳ ಕೊನೆಗೆ ಹೋಗುತ್ತೇವೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಷ್ಟು ದಿನ ಕಾಯಬಹುದೇ ಎಂದೂ ಕೇಳಿದಳು. ಆ ಕಡೆ ಹಲ್ಲಿನ ನಡುವೆ ಉಸಿರೆಳೆಯುವ ಸದ್ದು ಕೇಳಿಸಿತು.

"ಅದು... ಚೊತ್ತೊ ಮುಜುಕಾಶಿ."

ಏನೂ ವಿವರಿಸಬೇಕಾಗಿರಲಿಲ್ಲ. ವಾಸವಿಲ್ಲ ಎಂದು ಬರೆದು ಮೇಲಕ್ಕೆ ಕಳಿಸಿದರೆ ಸಾಲವನ್ನೆಲ್ಲ ಒಂದೇ ಸಲ ಕಟ್ಟಿ ಎನ್ನಬಹುದು. ಮನೆ ಹೋಗುತ್ತದೆ. ಅವಳ ಕೌಂಟರಿನ ಮಾತಿಗೂ ಆಮೇಲೆ ಯಾರು ಬೆಲೆ ಕೊಡುತ್ತಾರೆ? ನೊಗುಚಿಯೇ ಹೇಳಿದ, "ಸೋಮವಾರ ನಾನು ವರದಿ ಕಳಿಸಬೇಕು. ಅಷ್ಟರೊಳಗೆ ತಾವು ನಿಜವಾಗಿ ವಾಸಕ್ಕೆ ಹೋದರೆ, ತಡವಾಯಿತು ಎಂದಷ್ಟೇ ಬರೆಯುತ್ತೇನೆ. ಕುಟುಂಬ ಆಮೇಲೆ ಬಂದರೂ ನಡೆಯುತ್ತದೆ. ಆದರೆ ಸಾಲ ಪಡೆದವರು ಇರಬೇಕು."

ಅಂದು ಗುರುವಾರ. ಸಂಜೆ ಊಟದ ಮೇಜಿನ ಸುತ್ತ ನಾಲ್ವರೂ ಕೂತರು. ಗುರುರಾಜ ತಾನು ಮಾಡಿದ ಉಪಕಾರವನ್ನು ಆಗ ಬಾಯಿಬಿಟ್ಟ. ಕಾತ್ಯಾಯಿನಿ ಅವನನ್ನು ಒಂದು ಸಲ ನೋಡಿದಳು. ಅವನು ಮೊಸರನ್ನದ ಕಡೆ ನೋಡಿದ.

"ಒಂದು ಕೆಲ್ಸ ಮಾಡೋಣ" ಎಂದ ಆಮೇಲೆ. "ಶನಿವಾರ ಹೋಗಿ ಕರ್ಟನ್ ಹಾಕಿ, ನಾಲ್ಕು ಪಾತ್ರೆ ಇಟ್ಟು, ಬಾತ್‌ರೂಮಲ್ಲಿ ಬ್ರಶ್ ಇಟ್ಟು ಬಂದ್ಬಿಡೋಣ. ಡೋರಿಗೆ ನೇಮ್ ಬೋರ್ಡ್. ಇದ್ದ ಹಾಗೆ ಕಾಣುತ್ತೆ."

"ಕಾಣೋದು ಬೇಡ ರೀ, ಇರಬೇಕು. ನಾನು ನಾಳೆ ಹೊರಡ್ತೀನಿ."

ಇಂದಿರಮ್ಮ ತಟ್ಟೆ ಸರಿಸಿದರು. "ಹಾಲು ಉಕ್ಕದ ಮನೇಲಿ, ಶೂನ್ಯಮಾಸದಲ್ಲಿ, ಒಬ್ಬಳೇ ಹೋಗಿ ಇರ್ತೀಯಾ? ಆ ಬ್ಯಾಂಕಿನವನು ಹೇಳಿದ ಅಂತ? ಮನೆ ಹೋದ್ರೆ ಇನ್ನೊಂದು ಸಿಗುತ್ತೆ ಕಣಮ್ಮ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಆ ಬ್ಯಾಂಕಿನವನು ಬರ್ತಾನಾ?" ಸೊಸೆಯ ಮೇಲೆ ಜೋರು ಮಾಡಲು ಆಡಿದ ಮಾತಲ್ಲ ಅದು. ಅವರಿಗೆ ನಿಜವಾಗಿ ಭಯವಾಗಿತ್ತು.

"ಅಜ್ಜಿ, it's just a date" ಎಂದಳು ಹದಿನೇಳರ ನಿಧಿ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಬೇರೆ ಭಾಷೆಯಲ್ಲಿ ಬರುತ್ತದೆ.

"ನೀನು ಸುಮ್ನಿರು" ಎಂದಳು ಕಾತ್ಯಾಯಿನಿ ಮಗಳಿಗೆ. ಅತ್ತೆಯ ಭಯವನ್ನು ತಳ್ಳಿಹಾಕಲು ಅವಳಿಗೂ ಮನಸ್ಸಿರಲಿಲ್ಲ. ಆಷಾಢದಲ್ಲಿ ಮನೆ ಸೇರಬಾರದು ಎಂಬುದು ಅವಳಿಗೂ ಹಾಲಿನ ಜೊತೆ ಕುಡಿಸಿದ ಮಾತೇ. ಇಂಥ ಇಕ್ಕಟ್ಟಿನಲ್ಲಿ ಬೇರೆಯವರು ಬಂದಿದ್ದರೆ ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದಳು: ನಿಯಮವನ್ನು ಮುರಿಯದೆ, ಅದರಲ್ಲಿ ಏನೇನಕ್ಕೆ ಒಪ್ಪಿಗೆಯಿದೆ ಎಂದು ಹುಡುಕಿದಳು. ಮದುವೆಯಾದ ಹೊಸದರಲ್ಲಿ ಇದೇ ಇಂದಿರಮ್ಮ ಅವಳನ್ನು ಆಷಾಢ ಬಂತೆಂದು ಕಳಿಸಿಕೊಟ್ಟಿದ್ದು ಆಗ ನೆನಪಿಗೆ ಬಂತು.

"ಅತ್ತೆ, ಆಷಾಢದಲ್ಲಿ ಸೊಸೆ ಎಲ್ಲಿಗೆ ಹೋಗ್ತಾಳೆ?"

"ಎಲ್ಲಿಗೆ ಅಂದ್ರೆ? ತವರಿಗೆ. ಅದೂ ಹೊಸದರಲ್ಲಿ."

"ನಾನೂ ಹೋಗ್ತೀನಿ. ಗೃಹಪ್ರವೇಶ ನೀವು ಹೇಳಿದ ಹಾಗೆ ಶ್ರಾವಣದಲ್ಲೇ ಆಗ್ಲಿ. ನಿಮ್ಮ ಸೊಸೆ ಆವತ್ತೇ ಕಾಲಿಡ್ತಾಳೆ. ಈಗ ಹೋಗೋದು ತವರಿಗೆ."

"ಯಾವ ತವರು?" ಎಂದುಬಿಟ್ಟರು ಇಂದಿರಮ್ಮ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು. ಕಾತ್ಯಾಯಿನಿಯ ತಾಯಿ ಎಂದೋ ಹೋಗಿದ್ದರು. ತಂದೆ ತೀರಿಕೊಂಡದ್ದು ವಿಮಾನಗಳು ನಿಂತಿದ್ದ ವರ್ಷ. ಅವಳು ಫೋನಿನಲ್ಲೇ ಮುಖ ನೋಡಿದಳು. ಮರುವರ್ಷ ಅಣ್ಣ ಚಾಮರಾಜಪುರಂನ ಮನೆ ಮಾರಿ ಮಕ್ಕಳ ಜೊತೆ ಇರಲು ಹೋದ. ಆಮೇಲೆ ಮೈಸೂರಿಗೆ ಹೋದಾಗಲೆಲ್ಲ ಅವಳು ಇಳಿದದ್ದು ಅತ್ತೆಮನೆಯಲ್ಲೇ. ಈ ವಿಷಯ ಇಬ್ಬರೂ ಎಂದೂ ಎತ್ತಿರಲಿಲ್ಲ.

"ಕಾಶಿವಾದ್ದು" ಎಂದಳು ಕಾತ್ಯಾಯಿನಿ. "ಅಪ್ಪ ಅಮ್ಮ ಕೊಟ್ಟಿದ್ದಲ್ಲ. ನಾನೇ ದುಡಿದು ತೀರಿಸೋ ಮನೆ. ನನಗೆ ಅದೇ ತವರು ಅತ್ತೆ. ಇನ್ನೊಂದಿಲ್ಲ."

ಇಂದಿರಮ್ಮ ಎದ್ದು ಕೈ ತೊಳೆದುಕೊಂಡು ತಮ್ಮ ಕೋಣೆಗೆ ಹೋದರು. ಗುರುರಾಜ ಹೆಂಡತಿಯನ್ನು ನೋಡುತ್ತ ಕೂತಿದ್ದ.

ಮರುದಿನ ಬೆಳಿಗ್ಗೆ ಆಫೀಸಿಗೆ ರಜೆ ಹೇಳಿ, ಒಂದು ಹಾಸಿಗೆ, ಕುಕ್ಕರು, ನಾಲ್ಕು ಬಟ್ಟೆ ಕಟ್ಟಿಕೊಂಡು ಕಾತ್ಯಾಯಿನಿ ಬಾಗಿಲಿಗೆ ಬಂದಳು. ಇಂದಿರಮ್ಮ ಆಗಲೇ ಅಲ್ಲಿ ನಿಂತಿದ್ದರು. ಕುಂಕುಮದ ಬಟ್ಟಲು ಕೈಯಲ್ಲಿತ್ತು. ಸೊಸೆಯ ಹಣೆಗೆ ಇಟ್ಟರು. ಆಮೇಲೆ ಬಹಳ ಯೋಚಿಸಿದವರ ಹಾಗೆ, ಪ್ರಶ್ನೆ ಕೇಳಲು ಕೌಂಟರಿಗೆ ಬಂದವರ ಹಾಗೆ ಕೇಳಿದರು.

"ತವರಿಂದ ಹೊರಡೋವಾಗ ಮಡಿಲು ತುಂಬಿ ಕಳಿಸ್ಬೇಕು. ಅಲ್ಲಿ ನಿನಗೆ ಮಡಿಲು ತುಂಬೋರು ಯಾರಿದ್ದಾರೆ?"

ಚಪ್ಪಲಿ ಹಾಕಿಕೊಳ್ಳಲು ಬಗ್ಗಿದ ಕಾತ್ಯಾಯಿನಿ ಹಾಗೇ ಇದ್ದಳು.

"ಆಷಾಢ ಕಳೆದ ಮಾರನೇ ದಿನ ನಾನು ಬರ್ತೀನಿ" ಎಂದರು ಇಂದಿರಮ್ಮ. "ನಿಧಿ ರೈಲು ಹತ್ತಿಸ್ಲಿ. ಗುರು ಬೇಡ, ಅವನು ಅಳಿಯ. ಅವತ್ತು ಒಂದಿನ ನಾನು ನಿನ್ನ ಅತ್ತೆ ಅಲ್ಲ. ಅಕ್ಕಿ, ಕೊಬ್ಬರಿ, ಬೆಲ್ಲ, ಕಣ ಎಲ್ಲ ತಂದು ತುಂಬ್ತೀನಿ. ಹಾಲು ಉಕ್ಕಿಸೋದು ಆಮೇಲೆ."

ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ, ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಕಾತ್ಯಾಯಿನಿಗೆ ಅದು ಒಳ್ಳೆಯದೇ ಆಯಿತು. ಕಾಶಿವಾ ಬರುವವರೆಗೂ ಅತ್ತಳು. ಮನೆಯ ಬೀಗ ತೆಗೆದು, ಕಿಟಕಿಗಳನ್ನೆಲ್ಲ ತೆರೆದು, ಬರೀ ನೆಲದ ಮೇಲೆ ಕೂತು ಬ್ಯಾಂಕಿಗೆ ಫೋನ್ ಮಾಡಿದಳು.

"ನೊಗುಚಿ-ಸಾನ್, ಬಂದಿದ್ದೇನೆ. ಇವತ್ತಿನಿಂದ ವಾಸ ಎಂದು ಬರೆದುಕೊಳ್ಳಿ."