ಕೋಣದ ಕೈಮೆಷಿನ್

ಮೊನ್ನೆ ಕಾರ್ಕಳದ ಹತ್ತಿರ ಕಂಬಳದ ಕೋಣವೊಂದರ ರೋಮವನ್ನು ಬ್ಯಾಟರಿ ಮೆಷಿನಿನಲ್ಲಿ ತೆಗೆಯುವುದನ್ನು ನೋಡಿದೆ. ಸ್ವಲ್ಪ ಹೊತ್ತಿನಲ್ಲೇ ಒಂದು ಮಗ್ಗುಲು ಮುಗಿಯಿತು. ನನ್ನ ಹೆಬ್ಬೆರಳಿನ ಬುಡ ಸುಮ್ಮನೆ ನೋಯತೊಡಗಿತು.

ಅಜೆಕಾರಿನಲ್ಲಿ ನನ್ನ ಅಪ್ಪ ಧನಿಗಳ ಮನೆಯ ಕಂಬಳದ ಕೋಣಗಳನ್ನು ನೋಡಿಕೊಳ್ಳುತ್ತಿದ್ದರು. ನಮ್ಮ ಮನೆ ಕೋಣಗಳನ್ನು ಕಟ್ಟುವ ಹಟ್ಟಿಯ ಪಕ್ಕದಲ್ಲೇ. ಓಟಕ್ಕೆ ಮೊದಲು ರೋಮ ಕತ್ತರಿಸಿ ಎಣ್ಣೆ ತಿಕ್ಕಬೇಕು. ಅದಕ್ಕೊಂದು ಕೈಮೆಷಿನ್ ಇತ್ತು: ಎರಡು ಹಿಡಿಕೆ, ಮುಂದೆ ಬಾಚಣಿಗೆಯಂತಹ ಹಲ್ಲು. ಒಮ್ಮೆ ಒತ್ತಿದರೆ ಒಂದು ಚೂರು ರೋಮ. ಗಂಟುನೋವಿನಿಂದ ಅಪ್ಪನ ಬೆರಳು ಮಡಚಲಾಗದಂತಾದ ಮೇಲೆ ಆ ಕೆಲಸ ನನ್ನ ತಲೆಗೆ ಬಂತು. ಧನಿಗಳಿಗೆ ಗೊತ್ತಾದರೆ ಅಪ್ಪನ ಕೆಲಸ ಹೋಗುತ್ತಿತ್ತು. ಓಟದ ಕೋಣವನ್ನು ಹೆಣ್ಣು ಮುಟ್ಟುವುದೂ ಅವರಿಗೆ ಆಗದು. ಅವರು ಏಳುವ ಮೊದಲೇ ಹಟ್ಟಿಗೆ ಹೋಗಿ ಮುಗಿಸುತ್ತಿದ್ದೆ. ನಾಲ್ಕು ವರ್ಷ.

ಕೋಣಗಳು ಮಿಂಚುತ್ತಿದ್ದವು. "ಕೈ ಅಂದ್ರೆ ನಿನ್ನದು ಮಾರಾಯ," ಎಂದು ಧನಿಗಳು ಅಪ್ಪನಿಗೆ ಶಾಲು ಹೊದೆಸಿದರು. ಅಪ್ಪ ವಿನಯದಿಂದ ತಲೆ ತಗ್ಗಿಸಿದರು. ಮನೆಗೆ ಬಂದ ಮೇಲಾದರೂ ನನಗೆ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ನಾನು ಕಾದೆ, ನಾಚಿಕೆಗೆಟ್ಟವಳು.

ಐದನೇ ವರ್ಷ ಮೆಷಿನಿನ ಹಲ್ಲು ಮೊಂಡಾಗಿತ್ತು. ಸಾಣೆ ಹಿಡಿಸಿ ಎಂದು ಅಪ್ಪನಿಗೆ ಮೂರು ಸಲ ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎನ್ನುತ್ತಾರೆ; ಕೋಣ ಕಿವಿಯಾದರೂ ಅಲ್ಲಾಡಿಸುತ್ತದೆ. ಕೊನೆಗೆ ಮೆಷಿನ್ ರೋಮದ ಜೊತೆ ಚರ್ಮವನ್ನೂ ಕಚ್ಚಿತು. ನೊಗ ಕೂರುವ ಜಾಗದಲ್ಲೇ ಗಾಯ. ಆ ವರ್ಷದ ಓಟ ತಪ್ಪಿತು.

"ಇದೆಂತ ಇದು? ಯಾರು ಮಾಡಿದ್ದು?" ಅಂಗಳದಲ್ಲಿ ಹತ್ತು ಜನರ ಮುಂದೆ ಧನಿಗಳು ಕೇಳಿದರು.

ಅಪ್ಪ ನನ್ನನ್ನು ತೋರಿಸಿದರು. "ಮಗಳು, ಧನಿ. ಬೇಡ ಅಂತ ಹೇಳಿದ್ದೆ. ನಾನಿಲ್ಲದಾಗ ಮುಟ್ಟಿದ್ದಾಳೆ."

ಐದು ವರ್ಷದಲ್ಲಿ ಆ ಮೆಷಿನಿನ ಜೊತೆ ಅಪ್ಪ ನನ್ನನ್ನು ನೆನೆದದ್ದು ಅದೊಂದೇ ಸಲ. ಅವರ ಕೆಲಸ ಉಳಿಯಿತು. ಧನಿಗಳ ಬೈಗುಳವೆಲ್ಲ ನನ್ನ ಪಾಲಿಗೆ ಬಂತು.

ಮರುವರ್ಷ ಅಪ್ಪ ಸಾಣೆ ಹಿಡಿಸಿದ ಮೆಷಿನನ್ನು ತಂದು ನನ್ನ ಮುಂದಿಟ್ಟರು. "ನಾಳೆ ಸ್ವಲ್ಪ ಬೇಗ ಏಳು, ಆಯ್ತಾ?"

"ಬೇಡ ಅಂತ ನೀವೇ ಹೇಳಿದ್ದಲ್ವಾ ಅಪ್ಪ?" ಎಂದೆ. ಅವರು ಮೆಷಿನ್ ಎತ್ತಿಕೊಂಡು ಹೋದರು.

ಮರುದಿನ ಬೆಳಕು ಹರಿಯುವ ಮೊದಲು ಹಟ್ಟಿಯಿಂದ ಅದರ ಸದ್ದು ಕೇಳಿತು. ಒಮ್ಮೆ ಒತ್ತುವುದು, ತುಂಬ ಹೊತ್ತು ಸುಮ್ಮನಿರುವುದು, ಮತ್ತೆ ಒತ್ತುವುದು. ಧನಿಗಳು ಎದ್ದು ಹಟ್ಟಿಗೆ ಬಂದಾಗ ಒಂದು ಮಗ್ಗುಲೂ ಮುಗಿದಿರಲಿಲ್ಲ. ಆ ವಾರವೇ ಅಪ್ಪನ ಕೆಲಸ ಹೋಯಿತು.

ಆ ಬೆಳಿಗ್ಗೆ ನನಗೆ ಎಚ್ಚರವಿತ್ತು. ಏಳಲಿಲ್ಲ.