ಡೆಲ್ಲಿ ದೊಡ್ಡಮ್ಮನ ಪಾಯಿಂಟಾರ್ಡರ್

ದೊಡ್ಡಮ್ಮನ ಎಡಗೈ ಹೆಬ್ಬೆರಳಿನ ಮೇಲೆ ಅಡ್ಡಲಾಗಿ ಒಂದು ಗಾಯದ ಗೆರೆ ಇತ್ತು. ಡೆಲ್ಲಿಯಲ್ಲಿ ಕುಂಬಳಕಾಯಿ ಹೆಚ್ಚುವಾಗ ಈಳಿಗೆಮಣೆ ತಾಗಿ ಆದದ್ದು ಎನ್ನುತ್ತಿದ್ದರು. ಹಾಗಾಗಿ ಪಂಚಾಯ್ತಿ ಪುಸ್ತಕದಲ್ಲಿ ಅವರು ಒತ್ತಿದ ಹೆಬ್ಬೆಟ್ಟು ಎರಡು ಹೋಳಾಗಿ ಮೂಡುತ್ತಿತ್ತು, ನಡುವೆ ಕಾಲುದಾರಿ ಹಾದುಹೋದ ಹೊಲದಂತೆ. ಮೆಂಬರುಗಳ ಅಂಕುಡೊಂಕು ಸಹಿಗಳ ನಡುವೆ ಆ ನೀಲಿ ಹೊಲ ನನಗೆ ದೂರದಿಂದಲೇ ಕಾಣುತ್ತಿತ್ತು.

ನಮ್ಮೂರು ಅಜ್ಜಂಪುರದ ಆಚೆ, ಎರೆಮಣ್ಣಿನ ಬಯಲಿನಲ್ಲಿ. ಈರುಳ್ಳಿ ಕಿತ್ತು ಹಾಕಿದ ದಿನಗಳಲ್ಲಿ ಇಡೀ ಊರಿಗೆ ಅದರದೇ ವಾಸನೆ. ದೊಡ್ಡಮ್ಮ ನನಗೆ ರಕ್ತಸಂಬಂಧಿಯಲ್ಲ. ನಮ್ಮ ಹಿತ್ತಿಲ ಗೋಡೆ ಅವರ ಹಿತ್ತಿಲ ಗೋಡೆಯೂ ಆಗಿತ್ತು, ಅಷ್ಟೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ನಮ್ಮ ಕಡೆಯಿಂದ ಗೆದ್ದುಹೋದ ಒಬ್ಬ ಎಂಪಿಗೆ ಡೆಲ್ಲಿಯ ಊಟ ಒಗ್ಗದೆ, ಮುದ್ದೆ ಮಾಡಿಹಾಕಲು ಇವರನ್ನು ಕರೆದುಕೊಂಡು ಹೋದರಂತೆ. ಒಂಬತ್ತು ವರ್ಷ ಅಲ್ಲಿದ್ದು, ಎಪ್ಪತ್ತರ ದಶಕದ ನಡುವಿನಲ್ಲಿ ಒಂದು ಟ್ರಂಕು, ಒಂದು ಕಂಬಳಿಯೊಂದಿಗೆ ಬೀರೂರಿನಲ್ಲಿ ರೈಲು ಇಳಿದರು. ಅಂದಿನಿಂದ ಊರಿಗೆಲ್ಲ ಡೆಲ್ಲಿ ದೊಡ್ಡಮ್ಮ.

ಡೆಲ್ಲಿಯಲ್ಲಿ ಬೇಸಗೆ ಬಂದರೆ ಎಂಪಿ ಮನೆಯ ಅಡುಗೆಕೋಣೆ ಒಲೆಯೊಳಗೆ ಕೂತಂತೆ ಇರುತ್ತಿತ್ತಂತೆ. ಒಂದು ದಿನ ಆ ಪುಣ್ಯಾತ್ಮರು ಪಾರ್ಲಿಮೆಂಟಿನಲ್ಲಿ ಜನ ಕೂತು ನೋಡುವ ಅಟ್ಟಣಿಗೆಗೆ ಒಂದು ಗಂಟೆಯ ಚೀಟಿ ಮಾಡಿಸಿಕೊಟ್ಟರು, ತಂಪಿಗೆ ಕೂತು ಬರಲಿ ಅಂತ. ದೊಡ್ಡಮ್ಮನಿಗೆ ಆ ತಂಪು ಹಿಡಿಸಿತು. ಆಮೇಲೆ ಚೀಟಿ ಸಿಕ್ಕಿದಾಗೆಲ್ಲ ಹೋದರು.

ಮಧ್ಯಾಹ್ನ ಊಟವಾದ ಮೇಲೆ ಹಿತ್ತಿಲ ಕಲ್ಲಿನ ಮೇಲೆ ಕೂತು, ಅರ್ಧ ಕಣ್ಣು ಮುಚ್ಚಿ, ಅದನ್ನು ಅವರು ಹೇಳುವುದನ್ನು ಕೇಳಬೇಕಿತ್ತು. ಕೆಳಗೆ ಹಸಿರು ಜಮಖಾನ, ಮಳೆ ಬಿದ್ದ ಮೇಲಿನ ಹುಲ್ಲುಗಾವಲಿನ ಹಾಗೆ. ಲಾಳದ ಆಕಾರದಲ್ಲಿ ಬೆಂಚುಗಳು. ಎತ್ತರದ ಕುರ್ಚಿಯಲ್ಲಿ ಒಬ್ಬರೇ ಒಬ್ಬರು. ಅಷ್ಟು ದೊಡ್ಡ ಜಾಗದಲ್ಲಿ ಮಾತುಗಳು ಜೇನುಹುಳದಂತೆ ಸುತ್ತುತ್ತಿದ್ದವು. ಮೇಲೆ ಕೂತವರು ಮಾತಾಡುವಂತಿಲ್ಲ, ಕೆಮ್ಮಿದರೂ ಕಾವಲಿನವನು ತಿರುಗಿ ನೋಡುತ್ತಿದ್ದ. ಇಂಗ್ಲಿಷು ಬಾರದು, ಹಿಂದಿ ಅರೆಬರೆ. ಹಾಗಾದರೆ ಏನು ನೋಡುತ್ತಿದ್ದಿರಿ ಎಂದು ನಾನೊಮ್ಮೆ ಕೇಳಿದ್ದೆ.

"ಮಾತು ತಿಳೀತಿರ್ಲಿಲ್ಲ ಕಣಪ್ಪಾ. ಏಳೋದು ಕೂರೋದು ತಿಳೀತು. ಯಾರು ಎದ್ರೆ ಯಾರು ಕೂರ್ತಾರೆ ಅನ್ನೋದು ಗೊತ್ತಾಗ್ಬುಟ್ರೆ, ಮಿಕ್ಕಿದ್ದು ತಾನಾಗೇ ಗೊತ್ತಾಯ್ತದೆ."

ಕುರ್ಚಿಯವರು ಎದ್ದು ನಿಂತರೆ ಸಭೆಯೆಲ್ಲ ಕೂರಬೇಕು. ಮಂತ್ರಿ ಮಾತಾಡುವಾಗ ಮಿಕ್ಕವರು ಕೂತಿರಬೇಕು. ಆದರೆ ಅವರನ್ನು ಬೆರಗುಗೊಳಿಸಿದ್ದು ಇನ್ನೊಂದು. ಎಲ್ಲೋ ಹಿಂದಿನ ಬೆಂಚಿನಲ್ಲಿ, ಯಾರೂ ಕ್ಯಾರೇ ಅನ್ನದ ಒಬ್ಬ ಸಣಕಲ ಮೆಂಬರು ಎದ್ದು ಪಾಯಿಂಟಾರ್ಡರ್ ಅನ್ನುತ್ತಿದ್ದ. ಹಾಗೆಂದರೆ, ನಡೆಯುತ್ತಿರುವುದು ನಿಯಮಕ್ಕೆ ಸರಿಯಿಲ್ಲ, ಮೊದಲು ಅದನ್ನು ತೀರ್ಮಾನಿಸಿ ಎಂದು ಅರ್ಥ, ಎಂಪಿಯವರೇ ಬಿಡಿಸಿ ಹೇಳಿದ್ದರಂತೆ. ಪತ್ರಿಕೆಗಳು ಅದನ್ನೇ ಕ್ರಿಯಾಲೋಪ ಎನ್ನುತ್ತಿದ್ದವು. ಅಷ್ಟಕ್ಕೆ, ಕೈ ಬೀಸಿ ಮಾತಾಡುತ್ತಿದ್ದ ಮಂತ್ರಿ ಬಾಯಿ ಮುಚ್ಚಿ ಕೂರುತ್ತಿದ್ದರಂತೆ. ಆ ಸಣಕಲನನ್ನು ಕೇಳಿ, ಅವನ ಮಾತಿಗೆ ಕುರ್ಚಿಯವರು ಸರಿ ಅಥವಾ ತಪ್ಪು ಎಂದ ಮೇಲೆಯೇ ಮುಂದಿನ ಮಾತು.

ಊರಿಗೆ ಬಂದ ಮೇಲೂ ಅವರು ಆ ಅಟ್ಟಣಿಗೆಯಿಂದ ಇಳಿಯಲಿಲ್ಲ. ಮನೆಯಲ್ಲಿ ತಮ್ಮನ ಹೆಂಡತಿ ದೂರು ತಂದರೆ, ಅದು ಇವತ್ತಿನ ಪಟ್ಟಿಯಲ್ಲಿಲ್ಲ, ನಾಳೆ ಬೆಳಿಗ್ಗೆ ಬಾ ಎನ್ನುತ್ತಿದ್ದರು. ಮಕ್ಕಳು ಜಗಳಕ್ಕೆ ಬಿದ್ದರೆ ಮಾತಾಡುವವನು ನಿಲ್ಲಬೇಕು, ಮಿಕ್ಕವರು ಕೂರಬೇಕು. ತಾವು ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದರೆ ನಾಯಿಯೂ ಸೇರಿದಂತೆ ಎಲ್ಲರೂ ಸುಮ್ಮನಾಗಬೇಕು. ಡೆಲ್ಲಿ ದೊಡ್ಡಮ್ಮ ಮುದ್ದೆಗೆ ಎಸರಿಡಲೂ ನೋಟೀಸು ಕೇಳುತ್ತಾರೆ ಎಂದು ಬಾವಿಕಟ್ಟೆಯಲ್ಲಿ ಹೆಂಗಸರು ನಗುತ್ತಿದ್ದರು. ಆ ನಗು ಅವರ ಕಿವಿಗೂ ಬೀಳುತ್ತಿತ್ತು. ಬಿದ್ದರೆ ಅವರೂ ನಕ್ಕುಬಿಡುತ್ತಿದ್ದರು.

ಆಗ ಪಂಚಾಯ್ತಿಯಲ್ಲಿ ಹೆಂಗಸರಿಗೆ ಎರಡು ಸೀಟು ಇರುತ್ತಿತ್ತು. ಇದ್ದರೇನು, ಅವರು ಸಭೆಗೆ ಬರುವ ರೂಢಿ ಇರಲಿಲ್ಲ. ಸಭೆ ಮುಗಿದ ಮೇಲೆ ನಡಾವಳಿ ಪುಸ್ತಕವನ್ನು ಅವರ ಮನೆಗೇ ಒಯ್ದು ಹೆಬ್ಬೆಟ್ಟು ಒತ್ತಿಸಿಕೊಂಡು ಬರುತ್ತಿದ್ದರು. ದೊಡ್ಡಮ್ಮನನ್ನು ಮೆಂಬರು ಮಾಡಿದ್ದೂ ಆ ಹೆಬ್ಬೆಟ್ಟಿನ ಲೆಕ್ಕದಲ್ಲೇ. ನಾನು ಆಗಷ್ಟೇ ಪಂಚಾಯ್ತಿಗೆ ಹಂಗಾಮಿ ಕಾರ್ಯದರ್ಶಿಯಾಗಿ ಸೇರಿದ್ದೆ. ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಮೊದಲ ಸಲ ಅವರ ಮನೆಗೆ ಹೋದಾಗ ಅವರು ಮಜ್ಜಿಗೆ ಕೊಟ್ಟರು, ಹೆಬ್ಬೆಟ್ಟು ಕೊಡಲಿಲ್ಲ.

"ಇದುನ್ನ ಮನೇಗ್ ತರ್ಬೇಡ ಕಣಪ್ಪಾ. ಸಭೆ ಯಾವತ್ತು ಅಂತ ಹೇಳು, ನಾನೇ ಬತ್ತೀನಿ."

ಬಂದರು. ಕಿಟಕಿ ಪಕ್ಕದ ಬೆಂಚಿನ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು, ಅಟ್ಟಣಿಗೆಯಲ್ಲಿ ಕೂತ ಹಾಗೆಯೇ ಕೂತರು. ಮೂರು ನಾಲ್ಕು ಸಭೆಗಳಲ್ಲಿ ಒಂದು ಮಾತೂ ಆಡಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳವು. ಕೈಯಲ್ಲಿ ಒತ್ತುವ ಒಂದು ಬೋರಿಂಗು ನಮ್ಮೂರಿಗೆ ಮಂಜೂರಾಯಿತು. ಕೆಳಗಿನ ಬೀದಿಯ ಹೆಂಗಸರು ಹೊಲದ ಬಾವಿಯಿಂದ ನೀರು ಹೊರುತ್ತಿದ್ದರು, ಹೋಗಿಬರಲು ಅರ್ಧ ಹೊತ್ತು ಬೇಕು. ಆದ್ದರಿಂದ ಬೋರಿಂಗು ಅಲ್ಲಿಗೇ ಎಂದು ಒಂದು ಸಭೆಯಲ್ಲಿ ತೀರ್ಮಾನವಾಯಿತು. ಮುಂದಿನ ಸಭೆಯ ಕೊನೆಯಲ್ಲಿ, ಎಲ್ಲರೂ ಮೇಲೇಳುವ ಹೊತ್ತಿಗೆ, ಛೇರ್ಮನ್ನರು ಮೆಲ್ಲಗೆ ಆ ಜಾಗ ಬದಲಾಯಿಸುವ ಮಾತು ತೆಗೆದರು. ಮೇಲಿನ ಬೀದಿಯೇ ಅನುಕೂಲ ಎಂದರು. ಮೇಲಿನ ಬೀದಿಯಲ್ಲಿ ಎಂದರೆ ಅವರ ಮನೆಯ ಮುಂದೆ.

ದೊಡ್ಡಮ್ಮ ಎದ್ದರು. ಎಡಗೈ ಮಂಡಿಗೆ ಊರಿ, ಬಲಗೈಯಲ್ಲಿ ಸೆರಗು ಎಳೆದುಕೊಂಡು, ನಿಧಾನಕ್ಕೆ ಎದ್ದು ನಿಂತರು.

"ಪಾಯಿಂಟಾರ್ಡರ್. ಹೋದ ಸಭೇಲಿ ಕೆಳಗಿನ ಬೀದಿ ಅಂತ ತೀರ್ಮಾನ ಆಗೈತೆ. ನೋಟೀಸಿಲ್ದೆ ಅದುನ್ನ ತಿರುಗ್ಸಂಗಿಲ್ಲ. ಯಾರ್ ಮನೆ ಮುಂದೆ ಬತ್ತದೋ ಅವ್ರೇ ಕುರ್ಚೀಲಿ ಕೂತು ತೀರ್ಮಾನ ಹೇಳಂಗೂ ಇಲ್ಲ."

ಛೇರ್ಮನ್ನರು ಕೆಟ್ಟವರೇನಲ್ಲ, ನನಗೆ ಕೆಲಸ ಕೊಡಿಸಿದವರೇ ಅವರು. ನಗುನಗುತ್ತಲೇ, "ಇದು ಡೆಲ್ಲಿ ಅಲ್ಲ ಕಣಕ್ಕಾ, ಕೂತ್ಕೋ" ಎಂದರು. ಎಲ್ಲರೂ ನಕ್ಕರು. ದೊಡ್ಡಮ್ಮ ಕೂರಲಿಲ್ಲ. ಅವರು ನಿಂತಿರುವಾಗಲೇ ಕೈಗಳು ಎದ್ದವು, ತೀರ್ಮಾನ ಮುಗಿಯಿತು. ಹೊರಗೆ ಹೋಗುವಾಗ ಛೇರ್ಮನ್ನರು ನನ್ನ ಹೆಗಲ ಮೇಲೆ ಕೈಯಿಟ್ಟು, ಅವಳ ಮಾತೆಲ್ಲ ಬರೆಯಬೇಡ ಎಂದರು. ನನ್ನನ್ನು ಖಾಯಂ ಮಾಡಬೇಕೆಂಬ ಕಾಗದ ಅವರ ಸಹಿಗಾಗಿ ಕಾದಿತ್ತು. ನಾನು 'ಸರ್ವಾನುಮತದಿಂದ' ಎಂದು ಬರೆದೆ.

ಮಾರನೆಯ ಮಧ್ಯಾಹ್ನ ದೊಡ್ಡಮ್ಮ ಆಫೀಸಿಗೆ ಬಂದರು. ನಿನ್ನೆ ಒತ್ತದೆ ಹೋದ ಹೆಬ್ಬೆಟ್ಟು ಒತ್ತುವುದಕ್ಕೆ. ಒತ್ತುವ ಮುಂಚೆ ತಾವು ಹೇಳಿದ್ದನ್ನು ಓದು ಎಂದರು. ಅವರಿಗೆ ಓದು ಬಾರದು. ಪುಸ್ತಕ ಬಿಡಿಸಿ, ಇಲ್ಲದ ಸಾಲುಗಳ ಮೇಲೆ ಬೆರಳಾಡಿಸುತ್ತಾ ಓದಿದೆ. 'ಸದಸ್ಯೆಯವರು ಎದ್ದು ನಿಂತು ಕ್ರಿಯಾಲೋಪ ಎತ್ತಿ' ಎಂದೆಲ್ಲ, ಬಹಳ ಚೆನ್ನಾಗಿಯೇ ಓದಿದೆ. ಕಣ್ಣು ಮುಚ್ಚಿ ಕೇಳಿದರು. ಅವರ ಮುಖದ ಮೇಲೆ ಆ ಹಸಿರು ಜಮಖಾನದ ತಂಪು ಇಳಿದಂತೆ ಕಂಡಿತು.

"ಚೆನ್ನಾಗಿ ಬರ್ದಿದೀಯ. ಇನ್ನೊಂದ್ಸಲ ಓದು."

ಮತ್ತೆ ಓದಿದೆ. ಈ ಸಲ 'ಸದಸ್ಯೆಯವರು ಆಕ್ಷೇಪಿಸಿ' ಎಂದು ಶುರುವಾಯಿತು, ನೋಟೀಸಿನ ಮಾತು ಮೊದಲು ಬರುವ ಬದಲು ಕೊನೆಗೆ ಹೋಯಿತು. ದೊಡ್ಡಮ್ಮ ಕಣ್ಣು ಬಿಟ್ಟರು. ಬೈಯುತ್ತಾರೆ ಅಂದುಕೊಂಡೆ.

"ಬರ್ದಿದ್ದು ಎಷ್ಟು ಸಲ ಓದಿದ್ರೂ ಒಂದೇ ಥರ ಬತ್ತದೆ ಕಣಪ್ಪಾ," ಎಂದರು, ಬಹಳ ಮೆಲ್ಲಗೆ. ಆಮೇಲೆ, ಅಂಗೈಯನ್ನು ನನ್ನ ಪುಸ್ತಕದ ಮೇಲಿಟ್ಟು, "ನಾನು ಗೆಲ್ಲಾಕೆ ಎದ್ದಿದ್ದಲ್ಲ. ಒಬ್ಬಳು ಎದ್ದಿದ್ಲು ಅಂತ ಇದ್ರಲ್ಲಿ ಇರ್ಬೇಕು, ಅದಕ್ಕೆ ಎದ್ದಿದ್ದು."

ಹೆಬ್ಬೆಟ್ಟು ಒತ್ತದೆ ಹೊರಟುಹೋದರು.

ಪುಟಗಳಿಗೆ ನಂಬರಿತ್ತು, ಹರಿಯುವಂತಿರಲಿಲ್ಲ. ಒಂದು ತಿಂಗಳು ಅನ್ನ ರುಚಿಸಲಿಲ್ಲ. ಬೀರೂರಿನ ಕಡೆ ಹೋಗುವ ರೈಲು ಕೂಗಿದರೆ, ಅದರೊಳಗೆ ಕೂತು ಎಲ್ಲಾದರೂ ಹೋಗಿಬಿಡೋಣ ಅನ್ನಿಸುತ್ತಿತ್ತು. ಮುಂದಿನ ಸಭೆಯಲ್ಲಿ ರೂಢಿಯಂತೆ ಹಿಂದಿನ ನಡಾವಳಿ ಓದಿ ಒಪ್ಪಿಗೆ ಪಡೆಯಬೇಕಿತ್ತು. ಓದಿಕೊಂಡು ಬಂದವನು 'ಸರ್ವಾನುಮತದಿಂದ' ಎಂಬಲ್ಲಿ ನಿಂತುಬಿಟ್ಟೆ. ಕೂತು ಓದುತ್ತಿದ್ದವನು ಎದ್ದೆ. ಇದು ಸರಿಯಲ್ಲ, ನಾನು ಬಿಟ್ಟುಬರೆದಿದ್ದೇನೆ ಎಂದು ಹೇಳಿ, ದೊಡ್ಡಮ್ಮ ಅಂದು ಹೇಳಿದ್ದನ್ನು ಅವರ ಮಾತಿನಲ್ಲೇ ಒಪ್ಪಿಸಿದೆ. ಈ ತಿದ್ದುಪಡಿಯನ್ನು ಇಂದಿನ ಪುಟದಲ್ಲಿ ಬರೆಯುತ್ತೇನೆ ಎಂದೆ. ಛೇರ್ಮನ್ನರು ಏನೋ ಹೇಳಲು ಅರ್ಧ ಎದ್ದರು. ಆದರೂ ನಾನು ಕೂರಲಿಲ್ಲ. ಅವರು ಒಂದು ಗಳಿಗೆ ನನ್ನನ್ನೇ ನೋಡಿ, ಕೂತರು.

ಸಭೆ ಮುಗಿದ ಮೇಲೆ ಆ ಪುಟದ ಕೆಳಗೆ ಮೊದಲು ಬಿದ್ದದ್ದು ಎರಡು ಹೋಳಿನ ಹೆಬ್ಬೆಟ್ಟು.

ನಡಾವಳಿಯ ನಕಲು ತರೀಕೆರೆಯ ಬಿಡಿಒ ಆಫೀಸಿಗೆ ಹೋಗುತ್ತಿತ್ತು. ಅಲ್ಲಿ ಯಾರೋ ಅದನ್ನು ಓದಿದರು. ಮೊದಲಿನ ತೀರ್ಮಾನವೇ ಇರತಕ್ಕದ್ದು ಎಂದು ಕಾಗದ ಬಂತು. ಬೋರಿಂಗು ಕೊರೆಯುವ ಲಾರಿ ಕೆಳಗಿನ ಬೀದಿಗೇ ಹೋಯಿತು. ಬೂದಿಬಣ್ಣದ ಕೆಸರು ಚಿಮ್ಮಿ, ಹಿಂದೆಯೇ ನೀರು ಬಂದಾಗ, ಹೆಂಗಸರು ಕೊಡ ತರುವುದನ್ನೂ ಮರೆತು ಸುಮ್ಮನೆ ಅದರಡಿ ನಿಂತಿದ್ದರು. ನನ್ನ ಖಾಯಂ ಕಾಗದ ಇನ್ನೆರಡು ವರ್ಷ ಮೇಜಿನ ಖಾನೆಯಲ್ಲೇ ಮಲಗಿತ್ತು. ಕೊನೆಗೆ ಅದಕ್ಕೆ ಸಹಿ ಹಾಕಿದವರೂ ಅದೇ ಛೇರ್ಮನ್ನರು. ಹಾಕುವಾಗ, "ನೀನೂ ಡೆಲ್ಲಿಯವನೇ ಆಗ್ಬುಟ್ಟೆಯಲ್ಲೋ" ಎಂದರು.

ಆಮೇಲೆ ನನಗೆ ಕಡೂರಿಗೆ ವರ್ಗವಾಯಿತು. ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದಾಗ, ದೊಡ್ಡಮ್ಮ ಹಾಸಿಗೆ ಹಿಡಿದಿದ್ದಾರೆಂದು ತಿಳಿದು ಬಸ್ಸು ಹತ್ತಿದೆ. ಮಧ್ಯಾಹ್ನದ ಬಿಸಿಲು. ಹಿತ್ತಿಲ ಬಾಗಿಲ ಹತ್ತಿರ ಗಾಳಿಗೆ ಚಾಪೆ ಹಾಸಿ ಮಲಗಿಸಿದ್ದರು. ಕೆಳಗಿನ ಬೀದಿಯ ಬೋರಿಂಗಿನ ಕೀಚಲು ಸದ್ದು ಅಲ್ಲಿಯವರೆಗೂ ಬರುತ್ತಿತ್ತು. ನನ್ನ ಗುರುತು ಹಿಡಿಯಲು ಹೊತ್ತಾಯಿತು. ಹಿಡಿದ ಮೇಲೆ, ಮಜ್ಜಿಗೆ ಕೊಡಿ ಇವನಿಗೆ ಎಂದರು. ಕಣ್ಣು ಮುಚ್ಚಿದರು. ಯಾವ ಅಟ್ಟಣಿಗೆಗೆ ಹತ್ತಿದ್ದರೋ.

"ಓದು," ಎಂದರು.

ಪುಸ್ತಕ ಎಂದೋ ತರೀಕೆರೆಗೆ ಹೋಗಿತ್ತು. ನನ್ನ ಕೈಯಲ್ಲಿ ಏನೂ ಇರಲಿಲ್ಲ. ಎದ್ದು ನಿಂತೆ. 'ಹಿಂದಿನ ಸಭೆಯ ನಡಾವಳಿಯಲ್ಲಿ ಬಿಟ್ಟುಹೋದದ್ದು' ಎಂದು ಶುರುಮಾಡಿ, ಆ ಪುಟವನ್ನು ಪೂರ್ತಿ ಹೇಳಿದೆ.

"ಇನ್ನೊಂದ್ಸಲ."

ಮತ್ತೆ ಹೇಳಿದೆ. ಒಂದಕ್ಷರ ಆಚೀಚೆ ಆಗಲಿಲ್ಲ.

ದೊಡ್ಡಮ್ಮ ಕಣ್ಣು ತೆರೆಯಲಿಲ್ಲ. ಗೆರೆಯಿದ್ದ ಆ ಹೆಬ್ಬೆರಳಿನಿಂದ ಚಾಪೆಯನ್ನು ಒಮ್ಮೆ ಒತ್ತಿದರು.

"ಸರಿ ಐತೆ. ಕೂತ್ಕೋ."

ಕೂತೆ. ಮೂರನೆಯ ದಿನ ಅವರು ಹೋದರು ಎಂದು ಕಡೂರಿಗೆ ಸುದ್ದಿ ಬಂತು.